ಬ್ರೇಕ್ ಇಲ್ಲದ ಸೀಟು

ಕೆಂಪು ಗಾಡಿ ಇನ್ನೂ ನಿಂತಲ್ಲೇ ನಿಂತಿತ್ತು. ಅವನ ಬಲಗಾಲು ಆಗಲೇ ಬ್ರೇಕ್ ಒತ್ತಿ ಕೂತಿತ್ತು. ಒತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಒಂದು ರಬ್ಬರ್ ಮ್ಯಾಟು, ಅದರ ಕೆಳಗೆ ತಗಡು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಾದರೆ ಕಲಿಸುವವನ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಇಪ್ಪತ್ತಾರು ವರ್ಷ ಅವನು ಕೂತದ್ದು ಅಂಥ ಸೀಟಿನಲ್ಲೇ. ಪಕ್ಕದಲ್ಲಿ ಯಾರೇ ಸ್ಟೀರಿಂಗ್ ಹಿಡಿದಿರಲಿ, ಗಾಡಿ ನಿಲ್ಲಿಸುವವನು ತಾನು ಎಂಬುದು ಅವನ ಮೂಳೆಗೆ ಇಳಿದುಹೋಗಿತ್ತು. ಈಗ ಸ್ಟೀರಿಂಗ್ ಮುಂದೆ ಮಗಳು. ಅವಳು ಸೀಟನ್ನು ಒಂದು ಹಲ್ಲು ಮುಂದಕ್ಕೆಳೆದುಕೊಂಡಳು, ನಡುವಿನ ಕನ್ನಡಿಯನ್ನು ಎರಡು ಬೆರಳಿನಿಂದ ತಿರುಗಿಸಿಕೊಂಡಳು, ಅವನ ಕಡೆ ನೋಡದೆ ಕೇಳಿದಳು:

"ಷರತ್ತು ನೆನಪಿದೆಯೇನಪ್ಪಾ?"

"ಇದೆ."

"ಏನು, ಹೇಳು."

"ಬಾಯಿ ಬಿಡಬಾರ್ದು. ಕೈ ಹಾಕಬಾರ್ದು."

"ಹಾಕಿದ್ರೆ?"

ಹಿಂದಿನ ಸೀಟಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದ ಮಾರಾಟದವನು ಕಿವಿ ನೆಟ್ಟಗೆ ಮಾಡಿಕೊಂಡದ್ದು ಅವನಿಗೆ ಗೊತ್ತಾಯಿತು. ತನ್ನ ವಯಸ್ಸಿನ ಒಬ್ಬ ಮನುಷ್ಯನ ಎದುರು ಮಗಳಿಗೆ ಪಾಠ ಒಪ್ಪಿಸುವುದೆಂದರೆ! ಬೇರೆ ಯಾವ ದಿನವಾಗಿದ್ದರೂ ಅವನು ಬಾಗಿಲು ತೆಗೆದು ಇಳಿದು ಹೋಗುತ್ತಿದ್ದ, ಹೋಗುವ ಮುಂಚೆ ಟೈಯವನಿಗೂ ಎರಡು ಬೈದು ಹೋಗುತ್ತಿದ್ದ. "ಹಾಕಿದ್ರೆ ಇನ್ ಮೇಲೆ ನಿನ್ ಗಾಡಿ ಹತ್ತೋ ಹಾಗಿಲ್ಲ," ಅಂದ.

ಷರತ್ತು ಹಾಕಿದ್ದಾಳೆ ಎಂದರೆ ಕರೆದಿದ್ದಾಳೆ ಎಂದೇ ಅರ್ಥ. ಅದನ್ನು ಅವನು ಬೆಳಿಗ್ಗೆಯಿಂದ ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ ಚಪ್ಪರಿಸುತ್ತಿದ್ದ. ಮೂರು ಗಾಡಿ ನೋಡುವುದಿದೆ, ಒಂದು ಆರಿಸಬೇಕು, ಬರ್ತೀಯಾ ಅಂತ ಅವಳು ಬಾಗಿಲ ಬಳಿ ನಿಂತು ಕೇಳಿದಾಗ ಅವನು ಅರ್ಧ ಗಡ್ಡ ಕೆರೆದುಕೊಂಡಿದ್ದ. ಉಳಿದರ್ಧ ಹೇಗೆ ಕೆರೆದನೋ ಅವನಿಗೇ ನೆನಪಿಲ್ಲ. ಹೆಂಡತಿ ಅಡುಗೆಮನೆಯಿಂದಲೇ ಕೂಗಿದ್ದಳು: "ಬಾಯಿಗೊಂದು ಬೀಗ ಹಾಕ್ಕೊಂಡು ಹೋಗಿ. ಬೀಗದ ಕೈ ಇಲ್ಲಿ ನನ್ ಹತ್ರ ಕೊಟ್ಟು ಹೋಗಿ." ಅವಳು ನಗುತ್ತಲೇ ಅಂದದ್ದು, ಆದರೆ ತಮಾಷೆಗೆ ಅಂದದ್ದಲ್ಲ. ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವನು ಅವನು. ಆ ಅರ್ಧ ಊರೂ ಅವನನ್ನು ಕರೆಯುತ್ತಿದ್ದದ್ದು ಗುಡುಗು ಸಾರ್ ಎಂದು. ಅವನ ಗಾಡಿಯಲ್ಲಿ ಕಲಿತು ಅಳದೆ ಇಳಿದವರು ಕಡಿಮೆ. ಅದರ ಬಗ್ಗೆ ಅವನಿಗೆ ಒಂದು ಕಾಲದಲ್ಲಿ ಹೆಮ್ಮೆಯೂ ಇತ್ತು. ಅತ್ತು ಕಲಿತವನು ಸಾಯುವುದಿಲ್ಲ, ಸಾಯಿಸುವುದೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಗಾಡಿ ಅಂಗಳದ ಗೇಟು ದಾಟಿ ರಸ್ತೆಗೆ ಬಂತು. ಅದು ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳ. ಮೂರೂ ಎರಡೆರಡು ವರ್ಷ ಓಡಿದವು, ಬೇರೆ ಬೇರೆ ಕಂಪನಿಯವು. ಮಗಳು ಎರಡು ವಾರ ಫೋನಿನಲ್ಲಿ ಗುದ್ದಾಡಿ ಆರಿಸಿದ್ದಳು. ಚಿಕ್ಕ ಹ್ಯಾಚ್‌ಬ್ಯಾಕುಗಳೇ, ಆದರೆ ಸ್ವಲ್ಪ ಕೊಬ್ಬಿದ ಜಾತಿ: ಸೀಟಿಗೆ ಕೆಂಪು ದಾರದ ಹೊಲಿಗೆ, ಪೆಡಲಿಗೆ ಅಲ್ಯೂಮಿನಿಯಂ ತೊಡಿಸಿದ್ದು, ಹಿಂದೆ ಎರಡು ಸೈಲೆನ್ಸರ್ ಕೊಳವೆ. ಚಿಕ್ಕ ಗಾಡಿಗೆ ಇಷ್ಟು ದುಡ್ಡು ಸುರಿಯೋದು ಇಲಿಗೆ ಕಿರೀಟ ಇಟ್ಟ ಹಾಗೆ ಎಂದು ಅವನು ಮೊದಲ ದಿನವೇ ಅಂದುಬಿಟ್ಟಿದ್ದ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾರ ಮಾತಿಗೂ ಬಣ್ಣ ಬದಲಾಯಿಸುವುದಿಲ್ಲ. "ಹತ್ತು ವರ್ಷ ಬಸ್ಸಿನ ಕಂಬಿ ಹಿಡ್ಕೊಂಡು ನೇತಾಡಿದೀನಿ ಅಪ್ಪಾ. ಕಾಲಿಟ್ಟ ತಕ್ಷಣ ಹೂಂ ಅನ್ನೋ ಗಾಡಿ ಬೇಕು ನಂಗೆ," ಅಂದಿದ್ದಳು. ಆ ಹತ್ತು ವರ್ಷ ಎಂಬ ಮಾತು ಅವನ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಹತ್ತು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಲೆಕ್ಕ ಅವನಿಗೆ ಗೊತ್ತಿತ್ತು. ತಾನೇ ಕಲಿಸಲು ಕೂರಿಸಿಕೊಂಡಿದ್ದ ಆವತ್ತು ಅವಳಿಗೆ ಹತ್ತೊಂಬತ್ತು. ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕಲಿಯುವವರು, ಅವಳದೇ ಕಾಲೇಜಿನವರು, ಸರದಿಗೆ ಕಾಯುತ್ತಿದ್ದರು. ಏರಿನಲ್ಲಿ ಗಾಡಿ ಮೂರು ಸಲ ಆಫ್ ಆಯಿತು. ಮೂರನೆಯ ಸಲಕ್ಕೆ ಅವನು ಗೇರಿನ ಮೇಲಿದ್ದ ಅವಳ ಕೈಗೆ ಹೊಡೆದ. "ಇಳಿ. ನಿನ್ ಜನ್ಮಕ್ಕೆ ಇದು ಬರಲ್ಲ," ಅಂದ. ಅವಳು ಇಳಿದಳು. ಹಿಂದಿದ್ದವಳನ್ನು ಅವಳ ಜಾಗಕ್ಕೆ ಕೂರಿಸಿ ಹೊರಟೇಹೋದ. ಕನ್ನಡಿಯಲ್ಲಿ ಅವಳು ಚಿಕ್ಕದಾಗುತ್ತಾ ಹೋದದ್ದನ್ನು ನೋಡಿದ್ದನೋ, ನೋಡಲಿಲ್ಲವೋ. ನೋಡಿದ್ದ.

ಕೆಂಪು ಗಾಡಿಗೆ ಟರ್ಬೊ ಇತ್ತು. ನಿಂತಾಗ ಮೂರು ಸಿಲಿಂಡರಿನ ಎಂಜಿನ್ ಮಂಡಿ ನಡುಗಿಸುತ್ತಿತ್ತು. ಎರಡು ಸಾವಿರ ಸುತ್ತು ದಾಟುವವರೆಗೂ ಅದು ಆಕಳಿಸುತ್ತದೆ. ದಾಟಿದ್ದೇ ಬೆನ್ನಿಗೆ ಯಾರೋ ಗುದ್ದಿದ ಹಾಗೆ ಮುನ್ನುಗ್ಗುತ್ತದೆ. ಮೂರರಲ್ಲಿ ಹೆಚ್ಚು ಬೆಲೆಯೂ ಇದಕ್ಕೇ. ಅವನ ಅಂಗಿಯ ಜೇಬಿನಲ್ಲಿ ಸ್ಕೂಲಿನ ಮಾರ್ಕಿನ ಚೀಟಿ ಇತ್ತು, ಕಲಿಯುವವರಿಗೆ ಹಾಕುವುದು, ಇವತ್ತು ಗಾಡಿಗಳಿಗೆ ಹಾಕಲೆಂದು ತಂದಿದ್ದ: ಕ್ಲಚ್, ಗೇರ್, ಕನ್ನಡಿ, ಬ್ರೇಕ್, ತಿರುವು. ಹತ್ತಕ್ಕೆ ಆರರ ಮೇಲೆ ಅವನು ಯಾರಿಗೂ ಕೊಟ್ಟವನಲ್ಲ. ಇನ್‌ಸ್ಪೆಕ್ಟರ್ ಬಂದಾಗ ಮಾತ್ರ ಎಚ್ಚರವಾಗುವ ಹುಡುಗರಿರುತ್ತಾರಲ್ಲ, ಆ ತರಹದ್ದು ಇದು ಅಂದುಕೊಂಡು ಅದಕ್ಕೆ ಆರು ಹಾಕಬೇಕೋ ಐದೋ ಎಂದು ಯೋಚಿಸುತ್ತಿದ್ದ. ಆಗ ಮಗಳು ಏನೋ ಅಂದಳು.

"ಏನು?" ಅಂದ. ಮಾತಾಡಬಾರದು ಎಂಬುದು ಅಂದಮೇಲೆ ನೆನಪಾಯಿತು.

"ನಿಂಗಲ್ಲ," ಅಂದಳು ಮಗಳು.

ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ತುಟಿ ಅಲ್ಲಾಡುವಷ್ಟೇ ಸದ್ದು. ಸ್ಕೂಟರು, ಹಿಂದೆ ನೋಡ್ತಿಲ್ಲ. ನಿಂತಿರೋ ವ್ಯಾನು, ಬಾಗಿಲು ತೆಗೀಬಹುದು. ತೆಗೀಲಿಲ್ಲ. ನಾಯಿ, ಮಲಗಿದೆ. ಅಜ್ಜ, ದಾಟ್ತಾರೆ ಅನ್ಸತ್ತೆ, ದಾಟ್ಲಿ. ಗಾಡಿ ಆ ಅಜ್ಜನಿಗಿಂತ ಎಷ್ಟೋ ಹಿಂದೆಯೇ ನಿಧಾನವಾಯಿತು, ಆತ ಕೈಯೆತ್ತಿ ದಾಟಿಹೋದ. ಹೀಗೆ ಕಲಿಸುವವರು ಈ ಊರಿನಲ್ಲಿ ಒಬ್ಬರೇ.

ಟೀಚರಮ್ಮ. ಪ್ರೈಮರಿ ಶಾಲೆ ಬಿಟ್ಟು ಬಂದು ಅವನ ಡ್ರೈವಿಂಗ್ ಸ್ಕೂಲಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ ಹೆಂಗಸು. ಹೆಂಗಸರ ಬ್ಯಾಚಿಗೆ ಬೇಕು ಎಂದು ಅವನೇ ಸೇರಿಸಿಕೊಂಡಿದ್ದ. ಕಲಿಯುವವರು ದಾರಿಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಅದು ಆಕೆಯ ಕ್ರಮ. ಹೇಳಿದರೆ ಕಣ್ಣು ಓಡುತ್ತದೆ, ಕಣ್ಣು ಓಡಿದರೆ ಕಾಲು ತಾನಾಗಿ ಬರುತ್ತದೆ ಎನ್ನುತ್ತಿದ್ದರು. ಆಕೆಯ ಗಾಡಿಯಲ್ಲಿ ಎರಡನೆಯ ಬ್ರೇಕಿನ ರಬ್ಬರು ಸವೆಯುತ್ತಲೇ ಇರಲಿಲ್ಲ. ಅದನ್ನು ಕಂಡು ಅವನಿಗೆ ಸಿಟ್ಟು ಬಂದಿತ್ತು. ಯಾಕೆ ಬಂದಿತ್ತು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. "ಕಂಡಕಂಡದ್ದನ್ನೆಲ್ಲ ಓದಿಸೋಕೆ ಇದೇನು ಒಂದನೇ ಕ್ಲಾಸಾ? ನಾಳೆಯಿಂದ ಬರಬೇಡಿ," ಎಂದು ಎಲ್ಲರೆದುರು ಹೇಳಿದ್ದ. ಆಕೆ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು, ಇಟ್ಟದ್ದನ್ನು ನೇರ ಮಾಡಿ, "ಆಗ್ಲಿ ಸಾರ್," ಎಂದು ಹೋದರು. ಊರಿನ ಆಚೆ ತುದಿಯಲ್ಲಿ ಒಂದು ಹಳೇ ಗಾಡಿ ಇಟ್ಟುಕೊಂಡು ತಮ್ಮದೇ ಶುರುಮಾಡಿದ್ದಾರೆ ಎಂದು ಕೇಳಿದ್ದ. ಕಳೆದ ವರ್ಷ ಒಂದು ಅಂಚೆ ಲಕೋಟೆ ಬಂತು. ಸ್ಕೂಲಿನ ಯಾರದೋ ಲೈಸೆನ್ಸು ಎಂದುಕೊಂಡು ಒಡೆದ. ಮಗಳ ಫೋಟೋ ಇತ್ತು. ಲಕೋಟೆಯನ್ನು ಮತ್ತೆ ಅಂಟಿಸಿ ಅವಳ ಮೇಜಿನ ಮೇಲಿಟ್ಟ. ಯಾರು ಕಲಿಸಿದರು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಂಟು ಹೆಚ್ಚಾಗಿ ಲಕೋಟೆಯ ಮೂಲೆ ಉಬ್ಬಿತ್ತು. ಅವಳಿಗೆ ಗೊತ್ತಾಗದೆ ಇರುತ್ತದೆಯೇ.

ಈಗ ಅವಳ ಪಕ್ಕದಲ್ಲಿ ಕೂತು, ನಾಯಿ ಅಜ್ಜ ವ್ಯಾನು ಎಂಬ ಪಿಸುಮಾತು ಕೇಳುತ್ತಾ, ತಾನು ಕೆಡಿಸಿದ್ದನ್ನು ಆ ಹೆಂಗಸು ಎಷ್ಟು ದಿನ ಕೂತು ರಿಪೇರಿ ಮಾಡಿರಬೇಕು ಎಂದು ಅವನಿಗೆ ಅನ್ನಿಸಿತು. ಗುಡುಗು ಸಾರ್ ಮಗಳು ಎಂದು ಗೊತ್ತಿದ್ದೂ ಕೂರಿಸಿಕೊಂಡರಲ್ಲ. ಬೇರೆ ಯಾರಾದರೂ ಆಗಿದ್ದರೆ, ತಾನೇ ಆಗಿದ್ದರೆ, "ಹೋಗಮ್ಮಾ, ನಿಮ್ಮಪ್ಪನ ಹತ್ರಾನೇ ಕಲಿ" ಎನ್ನುತ್ತಿದ್ದ. ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಟೈಯವನು ಹಿಂದಿನಿಂದ, "ಎ.ಸಿ. ಜಾಸ್ತಿ ಆಯ್ತಾ ಸಾರ್?" ಅಂದ.

ಎರಡನೆಯದು ಬೂದು ಬಣ್ಣದ್ದು. ಅವನ ಮನಸ್ಸು ಮೊದಲಿಂದಲೂ ಇದರ ಕಡೆಗೇ. ಟರ್ಬೊ ಇಲ್ಲ, ಆದರೆ ನಾಲ್ಕು ಸಿಲಿಂಡರು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕ್ಲಚ್ಚು. ಡಿಕ್ಕಿ ದೊಡ್ಡದು, ಮೈಲೇಜು ಹೆಚ್ಚು, ಕೆಂಪಿಗಿಂತ ಎಷ್ಟೋ ಅಗ್ಗ, ನಾಳೆ ಮಾರಿದರೂ ಬೆಲೆ ಬೀಳುವುದಿಲ್ಲ. ಸ್ಪೋರ್ಟ್ಸ್ ಎಂದು ಪಟ್ಟಿ ಅಂಟಿಸಿದ್ದು ಹೊರಗಡೆಗೆ ಮಾತ್ರ, ಒಳಗೆಲ್ಲ ಸಂಸಾರಸ್ಥ. "ಮೇಡಂ, ವ್ಯಾಲ್ಯೂ ನೋಡೋದಾದ್ರೆ ಇದೇ ಸರಿ," ಅಂದ ಟೈಯವನು. ಮಗಳು ಸ್ಟೀರಿಂಗನ್ನು ಆಚೀಚೆ ಆಡಿಸಿ, "ಕೈಗೆ ಏನೂ ಹೇಳಲ್ವಲ್ಲ ಇದು," ಅಂದಳು. "ರಸ್ತೆ ಹೇಗಿದೆ ಅಂತ ನಾನೇ ಇಳಿದು ನೋಡ್ಬೇಕು." ಅವನಿಗೆ ನಗು ಬಂತು, ಒಳ್ಳೆಯ ಮಾತು, ತಾನೇ ಆಡಬೇಕಾಗಿದ್ದದ್ದು. ನಗುತ್ತಲೇ ಇದ್ದ. ಅಷ್ಟರಲ್ಲಿ ಬಲಗಡೆಯ ಸಂದಿಯಿಂದ ಸೈಕಲ್ಲೊಂದು ಹೊರಬಿತ್ತು, ಕ್ಯಾರಿಯರಿನ ಮೇಲೆ ಗ್ಯಾಸ್ ಸಿಲಿಂಡರು. "ಸೈಕಲ್," ಅಂದಳು ಮಗಳು, ಅವಳ ಕಾಲು ಆಗಲೇ ಬ್ರೇಕಿನ ಮೇಲಿತ್ತು, ಗಾಡಿ ಮೆಲ್ಲಗೆ ಮೂಗು ಬಗ್ಗಿಸುತ್ತಿತ್ತು. ಇದೆಲ್ಲ ಅವನಿಗೆ ಆಮೇಲೆ ತಿಳಿದದ್ದು. ಆ ಕ್ಷಣಕ್ಕೆ ಅವನ ಕಾಲು ಬರೀ ತಗಡನ್ನು ಒದೆಯಿತು, ಕಾಲಿಗೆ ಏನೂ ಸಿಗಲಿಲ್ಲ, ಕೈ ಹೋಗಿ ಹ್ಯಾಂಡ್‌ಬ್ರೇಕನ್ನು ಪೂರಾ ಮೇಲಕ್ಕೆ ಎಳೆದುಬಿಟ್ಟಿತು. ಹಿಂದಿನ ಚಕ್ರಗಳು ಕಿರುಚಿದವು. ಗಾಡಿ ಅಡ್ಡಕ್ಕೆ ಜಾರಿ, ಕುಕ್ಕರಿಸಿ, ಆಫ್ ಆಗಿ ನಡುರಸ್ತೆಯಲ್ಲಿ ನಿಂತಿತು. ಸೈಕಲ್ಲಿನವನು ತನಗೇನೂ ಸಂಬಂಧವಿಲ್ಲದವನ ಹಾಗೆ ದಾಟಿಹೋದ. ಟೈಯವನ ಹಣೆ ಮುಂದಿನ ಸೀಟಿಗೆ ಬಡಿಯಿತು.

ಹಿಂದಿದ್ದ ಬೈಕಿನವನು ಗಾಡಿಯ ಪಕ್ಕಕ್ಕೆ ಬಂದು ಮಗಳ ಕಿಟಕಿಗೆ ಬಗ್ಗಿದ. ಹೆಲ್ಮೆಟ್ಟಿನೊಳಗಿಂದ ಬರೀ ಕಣ್ಣು ಕಾಣುತ್ತಿತ್ತು. "ಏನ್ರಮ್ಮಾ, ನಡುರಸ್ತೇಲಿ ಹಿಂಗಾ ನಿಲ್ಲಿಸೋದು? ಯಾವ ಪುಣ್ಯಾತ್ಮ ನಿಮಗೆ ಡ್ರೈವಿಂಗ್ ಕಲಿಸಿದ್ದು?"

ಅವಳು ಬಾಯಿ ತೆರೆದರೆ ಮುಗಿಯುತ್ತಿತ್ತು. ಪಕ್ಕಕ್ಕೆ ಬೆರಳು ತೋರಿಸಿದರೂ ಸಾಕಿತ್ತು. "ಸಾರಿ, ನನ್ ತಪ್ಪು," ಅಂದಳು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೀಲಿ ತಿರುಗಿಸಿ, ಅವನ ಮುಷ್ಟಿಯ ಒಳಗಿದ್ದ ಹ್ಯಾಂಡ್‌ಬ್ರೇಕನ್ನು ಅವನ ಬೆರಳುಗಳ ಸಮೇತ ಮೆಲ್ಲಗೆ ಇಳಿಸಿದಳು. ಅವಳ ಕೈ ತಣ್ಣಗಿತ್ತು. ಇಪ್ಪತ್ತಾರು ವರ್ಷ ಬೀದಿಯಲ್ಲಿ ಯಾರು ಏನೆಂದರೂ ಎರಡು ಪಟ್ಟು ತಿರುಗಿಸಿ ಕೊಟ್ಟ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೈಕಿನವನು ಇನ್ನೂ ಏನೋ ಗೊಣಗುತ್ತಾ ಹೋದ. ಇಳಿದು ಓಡಿ, ಅವನ ಭುಜ ಹಿಡಿದು, ನಾನಯ್ಯಾ ಎಳೆದದ್ದು, ಆಕೆಯಲ್ಲ ಅನ್ನಬೇಕು ಅನ್ನಿಸಿತು. ಅನ್ನುವಷ್ಟರಲ್ಲಿ ಬೈಕು ತಿರುವಿನಲ್ಲಿ ಮಾಯವಾಗಿತ್ತು. ಯಾವಾಗಲೂ ಹಾಗೆಯೇ, ಬೈಯುವುದು ಥಟ್ಟನೆ ಬರುತ್ತದೆ, ಇದು ಮಾತ್ರ ಗಾಡಿ ಹೋದಮೇಲೆ ಬರುತ್ತದೆ.

ಅಂಗಳಕ್ಕೆ ವಾಪಸು ಬರುವತನಕ ಅವಳು ತುಟಿ ಅಲ್ಲಾಡಿಸಲಿಲ್ಲ. ನಾಯಿ ಇಲ್ಲ, ವ್ಯಾನು ಇಲ್ಲ. ಆ ಮೌನ ಅವನಿಗೆ ಯಾವ ಬೈಗುಳಕ್ಕಿಂತಲೂ ಕೆಟ್ಟದಾಗಿತ್ತು. ಮುಗಿಯಿತು, ಷರತ್ತು ಮುರಿದಾಯಿತು, ಇನ್ನು ಅವಳು ಯಾವ ಗಾಡಿ ಕೊಂಡರೂ ತಾನು ಬಾಗಿಲಲ್ಲಿ ನಿಂತು ಕೈಬೀಸುವವನು ಅಷ್ಟೇ ಅಂದುಕೊಂಡ. ಗಾಡಿ ನಿಂತಿತು. ಟೈಯವನು ಇಳಿದು ಹಿಂದಿನ ಟೈರುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಮೇಡಂ, ಸ್ವಲ್ಪ ನೋಡ್ಕೊಂಡು ಓಡಿಸ್ಬೇಕಿತ್ತು. ಟೈರು ನೋಡಿ..."

"ಅವಳಲ್ಲ ಕಣ್ರೀ, ನಾನು," ಅಂದ ಅವನು. ದನಿ ಅಷ್ಟು ಜೋರಾಗಿ ಬಂತೆಂದರೆ ಅಂಗಳದ ಆ ಕಡೆ ಗಾಡಿ ತೊಳೆಯುತ್ತಿದ್ದವನು ಪೈಪು ಹಿಡಿದುಕೊಂಡೇ ತಿರುಗಿದ. "ಅವಳು ಸರಿಯಾಗೇ ನಿಲ್ಲಿಸ್ತಿದ್ಲು. ಹ್ಯಾಂಡ್‌ಬ್ರೇಕ್ ಎಳೆದಿದ್ದು ನಾನು. ತಪ್ಪು ನಂದು. ಟೈರಿಗೆ ಏನಾಗತ್ತೋ ನನ್ನ ಹತ್ರ ಇಸ್ಕೊಳ್ಳಿ."

ಟೈಯವನು ಹಣೆ ಉಜ್ಜಿಕೊಂಡ. "ಬಿಡಿ ಸಾರ್, ಏನಾಗಿಲ್ಲ. ಅಪ್ಪಂದಿರೆಲ್ಲ ಹಂಗೇ. ನಮ್ಮಲ್ಲಿ ಒಬ್ರು ಸ್ಟೀರಿಂಗೇ ಕಿತ್ಕೊಂಡಿದ್ರು."

ಮಗಳು ನಗಲಿಲ್ಲ. ಆದರೆ ನೀಲಿ ಗಾಡಿಯ ಕೀಲಿಗೆ ಕೈ ಚಾಚಿದಳು. ಅವಳು ಏನಾದರೂ ಹೇಳುವ ಮುಂಚೆ ಅವನೇ ಹೋಗಿ ಅದರ ಹಿಂದಿನ ಬಾಗಿಲು ತೆಗೆದ. "ನೀವು ಮುಂದೆ ಕೂತ್ಕೊಳಿ," ಎಂದು ಟೈಯವನಿಗೆ ಹೇಳಿ ಒಳಗೆ ತೂರಿಕೊಂಡ. ಬಾಗಿಲು ಕಿರಿದು, ಮಂಡಿ ಮಡಚಿ, ತಲೆ ಬಗ್ಗಿಸಿ ಕೂರಬೇಕಾಯಿತು. ಡ್ರೈವಿಂಗ್ ಕಲಿಸಲು ಶುರುಮಾಡಿದ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಅವನು ಕೂತದ್ದೇ ಇಲ್ಲ. ಇಲ್ಲಿಂದ ನೋಡಿದರೆ ಎಲ್ಲವೂ ಬೇರೆ. ರಸ್ತೆ ಕಾಣುವುದಿಲ್ಲ, ಕಾಣುವುದು ಅವಳ ಕತ್ತಿನ ಹಿಂಭಾಗ, ಎತ್ತಿ ಕಟ್ಟಿದ ಕೂದಲು, ಕಿವಿಯ ಹಿಂದೆ ಒಂದು ಮಚ್ಚೆ. ಮಚ್ಚೆ ಇದೆ ಎಂಬುದನ್ನೇ ಮರೆತಿದ್ದ. ಸ್ನಾನ ಮಾಡಿಸುವಾಗ ಕೊಳೆ ಅಂದುಕೊಂಡು ಉಜ್ಜಿ ಅವಳನ್ನು ಅಳುವಂತೆ ಮಾಡಿದ್ದ ಒಂದು ಸಲ. ಹೆಂಡತಿ ಓಡಿಬಂದು ಬೈದಿದ್ದಳು.

ನೀಲಿ ಗಾಡಿ ತೂಕದ್ದು. ಬೆಲೆ ಎರಡರ ಮಧ್ಯೆ. ಡಿಕ್ಕಿ ಚಿಕ್ಕದು, ಮೈಲೇಜು ಸುಮಾರು. ಆದರೆ ಬಾಗಿಲು ಹಾಕಿದಾಗ ಧಪ್ ಎಂದು ಮುಚ್ಚಿಕೊಂಡಿತು, ಹೊರಗಿನ ಸದ್ದೆಲ್ಲ ಹೊರಗೇ ನಿಂತಿತು. ಆರು ಗೇರು. ಮೊದಲನೆಯದು, ಎರಡನೆಯದು, ಎರಡರಿಂದ ಮೂರಕ್ಕೆ ಹೋದದ್ದು ಕಿವಿಗೆ ಬಿತ್ತು, ಹೊಟ್ಟೆಗೆ ತಿಳಿಯಲಿಲ್ಲ. ದೊಡ್ಡ ರಸ್ತೆಗೆ ಬಂದಮೇಲೆ ಅವಳು ಒಮ್ಮೆ ಕಾಲು ಒತ್ತಿದಳು. ಗಾಡಿ ಗುದ್ದಲಿಲ್ಲ, ಆಕಳಿಸಲಿಲ್ಲ, ಒಂದೇ ಉಸಿರಿನಲ್ಲಿ ಎದ್ದು ಹೊರಟಿತು. ತಿರುವಿನಲ್ಲಿ ಅವನ ಮೈ ಒಂದು ಕಡೆಗೆ ವಾಲಿ ಮೆಲ್ಲಗೆ ವಾಪಸು ಬಂತು. ಆಮೇಲೆ ಅವಳ ಪಿಸುಮಾತು ಮತ್ತೆ ಶುರುವಾಯಿತು. ಮೊದಲು ಅವನಿಗೆ ನಂಬಿಕೆಯಾಗಲಿಲ್ಲ. ಲಾರಿ, ಸೈಡ್ ಕೊಡ್ತಿದಾನೆ. ಸ್ಕೂಲ್ ಮಕ್ಳು, ಇಬ್ರು, ಮೂರನೇವ್ನು ಓಡಿ ಬರ್ತಾನೆ. ಬಂದ. ಗುಂಡಿ. ನೀರಿನ ಟ್ಯಾಂಕರು, ತೊಟ್ಟಿಕ್ತಿದೆ, ರಸ್ತೆ ಒದ್ದೆ. ಕೋಪ ಬಂದರೆ ತಾನು ಎರಡು ದಿನ ಮಾತು ಬಿಡುತ್ತಿದ್ದ ಮನೆಯಲ್ಲಿ ಹುಟ್ಟಿ ಈ ಹುಡುಗಿ ಹೀಗೆ ಬೇಗ ಸಿಟ್ಟು ಇಳಿಸಿಕೊಳ್ಳುವುದನ್ನು ಎಲ್ಲಿ ಕಲಿತಳು ಅಂದುಕೊಂಡ. ಅವಳು ನೋಡುತ್ತಿದ್ದಾಳೆ. ಎಲ್ಲವನ್ನೂ ನೋಡುತ್ತಿದ್ದಾಳೆ. ತಾನು ನೋಡಬೇಕಾದದ್ದು ಏನೂ ಉಳಿದಿಲ್ಲ. ಬೇಲಿ, ಕರು, ಬೇಲಿ, ಬಿಳಿ ಕಾರು, ಹೋಗ್ಲಿ ಪಾಪ...

ಎಚ್ಚರವಾದಾಗ ಎಂಜಿನ್ ಸದ್ದಿರಲಿಲ್ಲ. ಗಾಡಿ ಒಂದು ಉದ್ದನೆಯ ಗೋಡೆಯ ನೆರಳಿನಲ್ಲಿ ನಿಂತಿತ್ತು, ನಾಲ್ಕೂ ಕಿಟಕಿ ಅರ್ಧ ಇಳಿದಿದ್ದವು. ಬಾಯಿ ತೆರೆದು ಮಲಗಿದ್ದಿರಬೇಕು, ಗಂಟಲು ಒಣಗಿತ್ತು. ಹೊರಗೆ ಇಬ್ಬರೂ ಬಾನೆಟ್ಟಿನ ಹತ್ತಿರ ನಿಂತಿದ್ದರು.

"ಎಬ್ಬಿಸ್ಲಾ ಮೇಡಂ? ಇದೇ ಗಾಡಿ ನೋಡೋಕೆ ಇನ್ನೊಂದು ಪಾರ್ಟಿ ಬಂದು ಕಾಯ್ತಿದೆಯಂತೆ, ಫೋನ್ ಮೇಲೆ ಫೋನು. ಅರ್ಧ ಗಂಟೆ ಆಯ್ತು."

"ಕಾಯ್ಲಿ ಬಿಡಿ. ಓಡೋ ಗಾಡೀಲಿ ಅಪ್ಪ ಕಣ್ಣು ಮುಚ್ಚಿದ್ದನ್ನ ನಾನು ಹುಟ್ಟಿದಾಗ್ಲಿಂದ ನೋಡಿಲ್ಲ. ಬಸ್ಸಲ್ಲಿ ಕೂತ್ರೂ ಡ್ರೈವರ್ ಎಷ್ಟು ಸಲ ತಪ್ಪು ಗೇರ್ ಹಾಕ್ದ ಅಂತ ಎಣಿಸ್ತಾರೆ."

"ಗೊರಕೆ ಮಾತ್ರ ಡೀಸೆಲ್ ಎಂಜಿನ್ ಮೇಡಂ."

ಮಗಳು ನಕ್ಕಳು. ಆ ನಗುವಿಗಾಗಿ ಅವನು ಇನ್ನೂ ಒಂದು ನಿಮಿಷ ಕಣ್ಣು ಮುಚ್ಚಿಕೊಂಡೇ ಇದ್ದ. ಯಾರಿಗೆ ಕೈ ಮುಗಿಯಬೇಕು ಎಂದು ಗೊತ್ತಾಗಲಿಲ್ಲ. ಇವಳಿಗೋ, ಊರಿನ ಆ ತುದಿಯಲ್ಲಿ ಈ ಹೊತ್ತಿನಲ್ಲೂ ಯಾರನ್ನೋ ಕೂರಿಸಿಕೊಂಡು ನಾಯಿ ಅಜ್ಜ ವ್ಯಾನು ಹೇಳಿಸುತ್ತಿರುವ ಆ ಹೆಂಗಸಿಗೋ. ಆಮೇಲೆ ಬಾಗಿಲು ತೆಗೆದು, ಮಡಚಿಕೊಂಡಿದ್ದ ಕಾಲನ್ನು ಒಂದೊಂದಾಗಿ ಹೊರಗೆ ತೆಗೆದ.

"ಕೆಂಪಿಗೆ ಎಷ್ಟು ಹಾಕ್ದೆ?" ಅಂದಳು ಮಗಳು.

"ಐದು."

"ಬೂದಿಗೆ?"

"ಆರು."

"ಇದಕ್ಕೆ?"

"ನಂಗೊತ್ತಿಲ್ಲ," ಅಂದ. ಗಾಡಿಯ ವಿಷಯದಲ್ಲಿ ಆ ಮಾತನ್ನು ಅವನು ಈವರೆಗೆ ಆಡಿರಲಿಲ್ಲ. ಟೈಯವನು ಅವನ ಮುಖವನ್ನೇ ನೋಡುತ್ತಿದ್ದ, ನೋಡಲಿ. "ಆವತ್ತು ನಿನ್ನ ಇಳಿಸಿದ್ನಲ್ಲ. ಏರಿನ ಹತ್ರ. ಅದು ತಪ್ಪು."

ಅವಳು ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಪರವಾಗಿಲ್ಲ ಅನ್ನಲಿಲ್ಲ. "ತಪ್ಪೇ," ಅಂದಳು. "ಇಷ್ಟು ಹೇಳೋಕೆ ಹತ್ತು ವರ್ಷ ಬೇಕಾಯ್ತಾ?"

"ಒಂದು ತಿಂಗಳು ಕಡಿಮೆ," ಅಂದ. "ನಂದು ಸ್ವಲ್ಪ ನಿಧಾನದ ಕೇಸು. ಟೀಚರಮ್ಮನ ಹತ್ರ ಸೇರಿಸ್ಬೇಕು."

ಅವಳು ಥಟ್ಟನೆ ತಲೆಯೆತ್ತಿದಳು. ತನಗೆ ಕಲಿಸಿದ್ದು ಯಾರು ಎಂಬುದೂ ಅವನಿಗೆ ಗೊತ್ತಿದೆ ಎಂದು ಅವಳಿಗೆ ಈಗ ಗೊತ್ತಾಯಿತು. ಹೋಗಿ ಸ್ಟೀರಿಂಗ್ ಮುಂದೆ ಕೂತಳು. "ಅವ್ರ ಹತ್ರ ಫೀಸು ಮುಂಚೇನೇ ಕಟ್ಬೇಕು," ಎಂದು ಒಳಗಿನಿಂದ ಕೂಗಿದಳು. "ಮಾರ್ಕ್ ಹಾಕ್ದೇ ಗಾಡಿ ತಗೊಳಕ್ಕಾಗಲ್ಲ. ಇನ್ನೊಂದು ರೌಂಡ್ ಹೋಗೋಣ. ಈ ಸಲ ಎಚ್ಚರ ಇರು."

"ಮೇಡಂ, ಆ ಪಾರ್ಟಿ..." ಅಂದ ಟೈಯವನು. ಆಮೇಲೆ ಟೈಯ ಗಂಟು ಸಡಿಲಿಸಿಕೊಂಡು ಹಿಂದಿನ ಸೀಟಿಗೆ ಮಂಡಿ ಮಡಚಿದ.

ಅವನು ಗಾಡಿಯ ಮೂಗಿನ ಮುಂದಿನಿಂದ ಸುತ್ತಿ ಬಂದ. ಇನ್ನೂ ಬೆಚ್ಚಗಿದ್ದ ಬಾನೆಟ್ಟಿನ ಮೇಲೆ ಒಂದು ಕ್ಷಣ ಅಂಗೈ ಊರಿದ. ಬಾಗಿಲ ಹಿಡಿಗೆ ಅವನ ಕೈ ತಲುಪುವ ಮುಂಚೆ, ಮಗಳು ಒಳಗಿನಿಂದ ಪೂರಾ ಬಗ್ಗಿ, ತೋಳು ಚಾಚಿ, ಮುಂದಿನ ಬಾಗಿಲನ್ನು ಅವನತ್ತ ತಳ್ಳಿದಳು.